ವೆಲ್ವಿಚಿಯಾ: ನಮೀಬ್ ಮರುಭೂಮಿಯ ಎರಡೆಲೆಯ ಸಸ್ಯ – ಬೆಳೆಯುವ ಪ್ರದೇಶ ಮತ್ತು ಸ್ವಾಭಾವಿಕ ನೆಲೆ

ವೆಲ್ವಿಚಿಯಾ ಮಿರಾಬಿಲಿಸ್ ಎಂಬ ಸಸ್ಯವು ಆಫ್ರಿಕಾ ಖಂಡದ ನೈಋತ್ಯ ಅಂಚಿನಲ್ಲಿರುವ ನಮೀಬ್ ಮರುಭೂಮಿಯಲ್ಲಿ, ನಮೀಬಿಯಾ ಮತ್ತು ಅಂಗೋಲಾ ದೇಶಗಳ ಕರಾವಳಿಗೆ ಸಮಾನಾಂತರವಾಗಿ ಸಾಗುವ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಸ್ವಾಭಾವಿಕವಾಗಿ ಬೆಳೆಯುತ್ತದೆ. ಪ್ರಪಂಚದ ಬೇರೆ ಯಾವ ಭಾಗದಲ್ಲಿಯೂ ಇದು ತಾನಾಗಿಯೇ ಬೆಳೆದಿರುವುದು ಕಂಡುಬಂದಿಲ್ಲ. ಇದರ ಬೀಜ ಅಥವಾ ಸಸಿಗಳನ್ನು ವಿದೇಶದಿಂದ ತರಿಸಿಕೊಳ್ಳಲು ಅನುಮತಿ ಕೋರಲಿರುವವರು, ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಹಾಗೂ ನಮೀಬಿಯಾಕ್ಕೆ ಪ್ರವಾಸ ಕೈಗೊಳ್ಳುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅರ್ಜಿ ನಮೂನೆಯನ್ನು ಭರ್ತಿ ಮಾಡುವ ಮುನ್ನ ಇದನ್ನು ಪೂರ್ಣವಾಗಿ ಓದಿಕೊಳ್ಳುವಂತೆ ಕೋರಲಾಗಿದೆ.

ನಮ್ಮಲ್ಲಿ ಬಹುಜನರಿಗೆ ನಮೀಬಿಯಾದ ಹೆಸರು ಪರಿಚಯವಾದದ್ದು 2022ರ ಸೆಪ್ಟೆಂಬರ್ 17ರಂದು ಅಲ್ಲಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ಬಂದಾಗ. ಚೀತಾವನ್ನು ವಿಮಾನದಲ್ಲಿ ತರಬಹುದು. ಬೆಳೆದು ನಿಂತ ವೆಲ್ವಿಚಿಯಾವನ್ನು ಅದರ ನೆಲದಿಂದ ಕಿತ್ತು ತಂದರೆ ಅದು ಬಹುತೇಕ ಉಳಿಯುವುದಿಲ್ಲ. ಈ ಸಸ್ಯವನ್ನು ಅದು ನಿಂತಿರುವ ನೆಲದಿಂದ ಬೇರ್ಪಡಿಸಿ ಅರ್ಥ ಮಾಡಿಕೊಳ್ಳುವುದೂ ಅಷ್ಟೇ ಕಷ್ಟ. "ಮರುಭೂಮಿಯ ಗಿಡ" ಎಂಬ ಒಂದೇ ಮಾತಿನಿಂದ ಮರಳು ಮತ್ತು ಬಿಸಿಲು ಸಾಕು ಎಂಬ ಭಾವನೆ ಉಂಟಾಗುತ್ತದೆ. ಈ ಭಾವನೆಯು ಸರಿಯಲ್ಲವೆಂಬುದು ಮುಂದಿನ ವಿವರಗಳಿಂದ ತಿಳಿದುಬರುತ್ತದೆ.

ಸಸ್ಯದ ಸ್ವರೂಪ

ವೆಲ್ವಿಚಿಯಾ ತನ್ನ ಇಡೀ ಜೀವಮಾನದಲ್ಲಿ ಬೆಳೆಸುವ ನಿಜವಾದ ಎಲೆಗಳು ಎರಡೇ. ಮೊಳಕೆಯೊಡೆದಾಗ ಮೊದಲು ಕಾಣಿಸಿಕೊಳ್ಳುವ ಎರಡು ಬೀಜದಳಗಳು ಕೆಲಕಾಲದ ನಂತರ ಒಣಗಿ ಉದುರುತ್ತವೆ. ಅವುಗಳಿಗೆ ಅಡ್ಡಲಾಗಿ ಹುಟ್ಟುವ ಎರಡು ಎಲೆಗಳು ಗಿಡ ಸಾಯುವವರೆಗೂ ಉಳಿಯುತ್ತವೆ. ಕಾಂಡದ ತುದಿಯ ಕುಡಿಯು ಎಳವೆಯಲ್ಲಿಯೇ ಸತ್ತುಹೋಗುವುದರಿಂದ ಗಿಡವು ಮೇಲಕ್ಕೆ ಏಳದೆ ಅಗಲಕ್ಕೆ ಹರಡುತ್ತದೆ. ಎಲೆಗಳ ಬೆಳವಣಿಗೆ ತುದಿಯಲ್ಲಿ ಆಗದೆ ಬುಡದಲ್ಲಿ ಆಗುತ್ತದೆ. ಬುಡದಿಂದ ಹೊಸ ಭಾಗ ಹೊರಬರುತ್ತಿದ್ದಂತೆ ಹಳೆಯ ಭಾಗ ಮುಂದಕ್ಕೆ ತಳ್ಳಲ್ಪಟ್ಟು, ತುದಿಯು ಬಿಸಿಲಿಗೆ ಮತ್ತು ಕಾದ ಕಲ್ಲುಗಳಿಗೆ ತಾಗಿ ಒಣಗಿ, ಗಾಳಿಗೆ ಸೀಳಿ ಹೋಗುತ್ತದೆ. ಹೀಗೆ ಸೀಳಿದ ಪಟ್ಟಿಗಳು ಸುರುಳಿ ಸುತ್ತಿಕೊಂಡು ರಾಶಿಯಾಗಿ ಬಿದ್ದಿರುವುದರಿಂದ, ದೂರದಿಂದ ನೋಡುವವರಿಗೆ ಹತ್ತಾರು ಎಲೆಗಳ ಕುರುಚಲು ಪೊದೆಯೊಂದು ಸತ್ತು ಬಿದ್ದಿರುವಂತೆ ಕಾಣುತ್ತದೆ. ಹತ್ತಿರ ಹೋಗಿ ಬುಡವನ್ನು ನೋಡಿದರೆ ಮಾತ್ರ ಎರಡೇ ಎಲೆಗಳಿರುವುದು ಗೊತ್ತಾಗುತ್ತದೆ.

ಎಲೆಯು ವರ್ಷಕ್ಕೆ ಸುಮಾರು 8ರಿಂದ 15 ಸೆಂಟಿಮೀಟರ್ ಬೆಳೆಯುತ್ತದೆ. ವರ್ಷಕ್ಕೆ 10 ಸೆಂ.ಮೀ. ಎಂದು ಹಿಡಿದರೂ ಸಾವಿರ ವರ್ಷ ಬದುಕಿದ ಗಿಡದ ಒಂದು ಎಲೆಯು ಒಟ್ಟು ನೂರು ಮೀಟರ್ ಬೆಳೆದಂತಾಯಿತು. ಆದರೆ ಸವೆದು ಉಳಿದಿರುವ ಎಲೆಯ ಉದ್ದ ಸಾಮಾನ್ಯವಾಗಿ 2ರಿಂದ 4 ಮೀಟರ್ ಮಾತ್ರ. ಕಾಂಡವು ಮರದಂತೆ ಗಟ್ಟಿಯಾಗಿ, ನಡುವೆ ತಗ್ಗಾದ ಬಾಣಲೆಯ ಆಕಾರದಲ್ಲಿದ್ದು, ನೆಲದಿಂದ ಒಂದೂವರೆ ಮೀಟರ್ ಮೇಲೆ ಏಳುವುದು ಅಪರೂಪ.

ಬೆಳೆಯುವ ಪ್ರದೇಶ

ಈ ಸಸ್ಯದ ನೆಲೆಯು ದಕ್ಷಿಣದಲ್ಲಿ ನಮೀಬಿಯಾದ ಕುಯ್ಸೆಬ್ ನದಿಯ ಆಸುಪಾಸಿನಿಂದ ಆರಂಭವಾಗಿ ಉತ್ತರದಲ್ಲಿ ಅಂಗೋಲಾದ ಬೆಂಟಿಯಾಬಾ ನದಿಯ ಸಮೀಪದವರೆಗೆ, ಸುಮಾರು ಒಂದು ಸಾವಿರ ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಅಗಲದಲ್ಲಿ ಇದು ಬಹಳ ಕಿರಿದು. ಸಮುದ್ರತೀರಕ್ಕೆ ತೀರಾ ಅಂಟಿಕೊಂಡು ಬೆಳೆಯುವುದು ವಿರಳ. ತೀರದಿಂದ ನೂರೈವತ್ತು ಕಿಲೋಮೀಟರಿಗಿಂತ ಒಳನಾಡಿನಲ್ಲಿ ಕಾಣಿಸುವುದೂ ವಿರಳ. ಈ ಪಟ್ಟಿಯೊಳಗೂ ಗಿಡಗಳು ಎಲ್ಲೆಡೆ ಸಮನಾಗಿ ಹರಡಿಲ್ಲ. ಒಂದು ಬಯಲಿನಲ್ಲಿ ಸಾವಿರಾರು ಗಿಡಗಳಿದ್ದು, ಅದರ ನಂತರ ಎಷ್ಟೋ ದೂರದವರೆಗೆ ಒಂದೂ ಇಲ್ಲದಿರುವುದು ಸಾಮಾನ್ಯ.

ಹೆಚ್ಚಿನ ಪ್ರವಾಸಿಗರು ಮತ್ತು ಸಂಶೋಧಕರು ಭೇಟಿ ನೀಡುವ ಸ್ಥಳವೆಂದರೆ ಸ್ವಾಕೋಪ್‌ಮುಂಡ್ ಪಟ್ಟಣದ ಪೂರ್ವಕ್ಕೆ, ಸ್ವಾಕೋಪ್ ಮತ್ತು ಖಾನ್ ನದಿಗಳ ನಡುವೆ ಇರುವ ವೆಲ್ವಿಚಿಯಾ ಬಯಲು. ಇದು ನಮೀಬ್-ನೌಕ್ಲುಫ್ಟ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಉತ್ತರಕ್ಕೆ ಸಾಗಿದಂತೆ ಬ್ರಾಂಡ್‌ಬರ್ಗ್ ಪರ್ವತದ ಸುತ್ತಮುತ್ತ, ಹಳೆಯ ಜ್ವಾಲಾಮುಖಿಯ ಅವಶೇಷವಾದ ಮೆಸುಮ್ ಕುಳಿಯಲ್ಲಿ ಹಾಗೂ ಖೋರಿಕ್ಸಾಸ್ ಪಟ್ಟಣದ ಬಳಿಯ ಶಿಲೀಭೂತ ಅರಣ್ಯದಲ್ಲಿ ಇವು ಕಂಡುಬರುತ್ತವೆ. ಶಿಲೀಭೂತ ಅರಣ್ಯದಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಕಲ್ಲಾದ ಮರದ ದಿಮ್ಮಿಗಳ ಪಕ್ಕದಲ್ಲಿಯೇ ಜೀವಂತ ವೆಲ್ವಿಚಿಯಾಗಳು ನಿಂತಿವೆ. ಇನ್ನೂ ಉತ್ತರದಲ್ಲಿ ಕುನೆನೆ ನದಿಯೇ ಎರಡು ದೇಶಗಳ ಗಡಿ. ಅದನ್ನು ದಾಟಿದರೆ ಅಂಗೋಲಾದ ಇಯೋನಾ ರಾಷ್ಟ್ರೀಯ ಉದ್ಯಾನ ಮತ್ತು ಅದರಾಚೆಗೆ ನಮೀಬೆ ಪ್ರಾಂತ್ಯದ ಬಯಲುಗಳು. ಅಂಗೋಲಾದ ಗಿಡಗಳಿಗೂ ನಮೀಬಿಯಾದ ಗಿಡಗಳಿಗೂ ಇರುವ ವ್ಯತ್ಯಾಸಗಳನ್ನು ಆಧರಿಸಿ 2001ರಲ್ಲಿ ಇವುಗಳನ್ನು ಎರಡು ಉಪಜಾತಿಗಳಾಗಿ ವಿಂಗಡಿಸಲಾಯಿತು.

ದಕ್ಷಿಣದ ಎಲ್ಲೆಯು ಕುಯ್ಸೆಬ್ ನದಿಯ ಹತ್ತಿರವೇ ಇರುವುದು ಗಮನಾರ್ಹ. ವರ್ಷದ ಬಹುಭಾಗ ಒಣಗಿರುವ ಈ ನದಿಯ ದಕ್ಷಿಣಕ್ಕೆ ನಮೀಬ್ ಮರಳುಸಾಗರದ ಎತ್ತರದ ದಿಬ್ಬಗಳಿವೆ. ಉತ್ತರಕ್ಕೆ ಗರಸು ಮತ್ತು ಕಲ್ಲುಚೂರಿನ ಬಯಲುಗಳಿವೆ. ಕ್ಯಾಲೆಂಡರುಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಕಾಣುವ ಕೆಂಪು ಮರಳಿನ ದಿಬ್ಬಗಳು ನದಿಯ ದಕ್ಷಿಣ ಭಾಗದವು. ಆ ಮರಳುಸಾಗರವನ್ನು 2013ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ವೆಲ್ವಿಚಿಯಾ ಬೇರೂರುವುದು ಚಲಿಸುವ ಮರಳಿನಲ್ಲಿ ಅಲ್ಲ. ಕದಲದ ನೆಲ ಅದಕ್ಕೆ ಬೇಕು.

ಮಂಜು, ಮಳೆ ಮತ್ತು ನೆಲ

ಈ ನೆಲೆಯ ಹವಾಗುಣವನ್ನು ನಿರ್ಧರಿಸುವುದು ಅಟ್ಲಾಂಟಿಕ್ ಸಾಗರದ ಬೆಂಗ್ವೆಲಾ ಶೀತಪ್ರವಾಹ. ದಕ್ಷಿಣದಿಂದ ಉತ್ತರಕ್ಕೆ ತೀರದ ಗುಂಟ ಹರಿಯುವ ಈ ತಣ್ಣೀರಿನ ಮೇಲೆ ಬೀಸುವ ಗಾಳಿ ತಂಪಾಗಿ, ಅದರಲ್ಲಿನ ತೇವಾಂಶವು ಮಳೆಯಾಗದೆ ಮಂಜಾಗುತ್ತದೆ. ತೀರದಲ್ಲಿ ವರ್ಷದ ನೂರಕ್ಕೂ ಹೆಚ್ಚು ದಿನಗಳಲ್ಲಿ ಮಂಜು ಕವಿಯುತ್ತದೆ. ರಾತ್ರಿ ಒಳನಾಡಿನತ್ತ ಹಲವು ಹತ್ತು ಕಿಲೋಮೀಟರ್ ದೂರ ಸರಿದು, ಬೆಳಗಿನ ಬಿಸಿಲೇರುತ್ತಿದ್ದಂತೆ ಕರಗಿಹೋಗುತ್ತದೆ. ಇನ್ನೊಂದು ಕಡೆ, ಬೇಸಿಗೆಯ ಗುಡುಗುಮಳೆ ಪೂರ್ವದ ಒಳನಾಡಿನಿಂದ ಬರುತ್ತದೆ. ಪಶ್ಚಿಮಕ್ಕೆ ಬಂದಂತೆ ಅದು ಕ್ಷೀಣಿಸಿ ತೀರವನ್ನು ತಲುಪುವ ಹೊತ್ತಿಗೆ ಬಹುತೇಕ ಇಲ್ಲವಾಗುತ್ತದೆ. ಹೀಗಾಗಿ ತೀರದಲ್ಲಿ ಮಂಜು ಹೆಚ್ಚು, ಮಳೆ ಇಲ್ಲ. ಒಳನಾಡಿನಲ್ಲಿ ಮಳೆ ಉಂಟು, ಮಂಜು ತಲುಪುವುದಿಲ್ಲ. ವೆಲ್ವಿಚಿಯಾದ ನೆಲೆಯ ಬಹುಭಾಗ ಇರುವುದು ಇವೆರಡರ ನಡುವೆ. ಇಲ್ಲಿ ವರ್ಷದ ಸರಾಸರಿ ಮಳೆ ಹಲವೆಡೆ 100 ಮಿಲಿಮೀಟರಿಗಿಂತ ಕಡಿಮೆ. ಸರಾಸರಿ ಎಂಬ ಪದವೂ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರದು, ಏಕೆಂದರೆ ಹಲವು ವರ್ಷ ಹನಿಯೂ ಬೀಳದೆ ಒಂದು ವರ್ಷ ಒಮ್ಮೆಲೇ ಸುರಿಯುವುದುಂಟು. ಹೋಲಿಕೆಗಾಗಿ ಹೇಳುವುದಾದರೆ, ನಮ್ಮ ರಾಜ್ಯದ ಅತ್ಯಂತ ಒಣ ತಾಲ್ಲೂಕುಗಳಲ್ಲಿಯೂ ವರ್ಷಕ್ಕೆ ಸರಾಸರಿ 400 ಮಿ.ಮೀ.ಗಿಂತ ಹೆಚ್ಚು ಮಳೆಯಾಗುತ್ತದೆ.

ಹಾಗಿದ್ದರೆ ಗಿಡಕ್ಕೆ ನೀರು ಎಲ್ಲಿಂದ ಬರುತ್ತದೆ ಎಂಬುದು ನೂರೈವತ್ತು ವರ್ಷಗಳಿಗೂ ಮೀರಿ ಚರ್ಚೆಯಲ್ಲಿರುವ ಪ್ರಶ್ನೆ. ಅಗಲವಾದ ಎಲೆಗಳು ಮಂಜಿನ ಹನಿಯನ್ನು ನೇರವಾಗಿ ಹೀರಿಕೊಳ್ಳುತ್ತವೆ ಎಂದು ಬಹುಕಾಲ ನಂಬಲಾಗಿತ್ತು. ಪ್ರವಾಸಿ ಕೈಪಿಡಿಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಈಗಲೂ ಹಾಗೆಯೇ ಬರೆದಿರುವುದನ್ನು ಓದುಗರು ಕಂಡಿರಬಹುದು. ಎಲೆಯ ಎರಡೂ ಬದಿಗಳಲ್ಲಿ ಪತ್ರರಂಧ್ರಗಳಿರುವುದು ಈ ನಂಬಿಕೆಗೆ ಒಂದು ಕಾರಣ. ಆದರೆ ಎಲೆಯ ಮೂಲಕ ಒಳಸೇರುವ ನೀರು ಗಿಡದ ಅಗತ್ಯವನ್ನು ಪೂರೈಸುವಷ್ಟಿದೆ ಎಂಬುದಕ್ಕೆ ಬಲವಾದ ಆಧಾರ ದೊರೆತಿಲ್ಲ. ಮಂಜು ಗಿಡಕ್ಕೆ ಮಾಡುವ ಉಪಕಾರವು ಬಹುಶಃ ಬೇರೆ ಬಗೆಯದು: ಗಾಳಿಯನ್ನು ತಂಪಾಗಿಸಿ ಎಲೆಯಿಂದ ನೀರು ಆವಿಯಾಗುವುದನ್ನು ತಗ್ಗಿಸುವುದು ಹಾಗೂ ಎಲೆಯ ಮೇಲೆ ಕೂಡಿದ ಹನಿಗಳು ಬುಡದ ಮಣ್ಣಿಗೆ ತೊಟ್ಟಿಕ್ಕುವುದು.

ಮುಖ್ಯ ಉತ್ತರ ನೆಲದಡಿಯಲ್ಲಿದೆ. ಗಿಡದ ತಾಯಿಬೇರು ಅಂತರ್ಜಲದವರೆಗೆ ಹತ್ತಾರು ಮೀಟರ್ ಇಳಿದಿರುತ್ತದೆ ಎಂಬ ಹಳೆಯ ಊಹೆಯೂ ಬಹುತೇಕ ಕಡೆ ಸರಿಯಲ್ಲ. ಬೇರುಗಳ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಜಿಪ್ಸಮ್ ಸೇರಿ ಗಟ್ಟಿಯಾದ ಮಣ್ಣಿನ ಪದರದತ್ತ ಗಮನ ಸೆಳೆಯಿತು. ಎಂದೋ ಬಿದ್ದ ಮಳೆಯ ನೀರು ಇಂತಹ ಪದರದ ಸೂಕ್ಷ್ಮ ರಂಧ್ರಗಳಲ್ಲಿ ಸೇರಿಕೊಂಡು, ಮೇಲಿನ ಬಿಸಿಲಿಗೆ ಬೇಗನೆ ಆವಿಯಾಗದೆ ಉಳಿಯುತ್ತದೆ. ಗಿಡದ ಸಣ್ಣ ಬೇರುಗಳು ಅಲ್ಲಿಂದ ನಿಧಾನವಾಗಿ ನೀರು ಸೆಳೆಯುತ್ತವೆ. ಈ ಗಿಡಗಳು ಹೆಚ್ಚಾಗಿ ಮಳೆಗಾಲದ ತೊರೆಗಳ ಒಣ ಪಾತ್ರಗಳಲ್ಲಿ, ಇಳಿಜಾರಿನ ನೀರು ಬಂದು ಸೇರುವ ತಗ್ಗುಗಳಲ್ಲಿ ಸಾಲಾಗಿ ನಿಂತಿರುವುದಕ್ಕೂ ಇದೇ ಕಾರಣ. ಬರಿಗಣ್ಣಿಗೆ ಸಮತಟ್ಟಾಗಿ ಕಾಣುವ ಬಯಲಿನಲ್ಲಿ ಒಂದು ಗೇಣಿನಷ್ಟು ತಗ್ಗು ಇದ್ದರೂ ಹತ್ತಾರು ವರ್ಷಗಳಿಗೊಮ್ಮೆ ಹರಿಯುವ ನೀರು ಅಲ್ಲಿಗೇ ಬರುತ್ತದೆ, ಗಿಡವೂ ಅಲ್ಲಿಯೇ ಇರುತ್ತದೆ. ಆ ಹರಿವಿಗೆ ಅಡ್ಡವಾಗಿ ರಸ್ತೆಯ ಏರಿಯೊಂದನ್ನು ಹಾಕಿದರೆ ಕೆಳಗಿನ ಗಿಡಗಳ ಗತಿ ಏನಾಗಬಹುದೆಂಬುದನ್ನು ಕೆರೆಕಟ್ಟೆಗಳ ನಾಡಿನವರಾದ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೀಜದಿಂದ ಗಿಡ

ವೆಲ್ವಿಚಿಯಾದಲ್ಲಿ ಗಂಡು ಗಿಡ ಮತ್ತು ಹೆಣ್ಣು ಗಿಡಗಳು ಬೇರೆ ಬೇರೆ. ಹೂವಿನ ಬದಲಿಗೆ ಎಲೆಯ ಬುಡದ ಬಳಿ ಕವಲೊಡೆದ ತೊಟ್ಟುಗಳಲ್ಲಿ ಶಂಕುಗಳು ಮೂಡುತ್ತವೆ. ಗಂಡು ಶಂಕುಗಳು ಸಣ್ಣವಾಗಿದ್ದು ಕೆಂಬಣ್ಣದವು. ಹೆಣ್ಣು ಶಂಕುಗಳು ದೊಡ್ಡವಾಗಿದ್ದು ನೀಲಿ ಮಿಶ್ರಿತ ಹಸಿರು ಬಣ್ಣದವು. ಎರಡೂ ಬಗೆಯ ಶಂಕುಗಳು ಸಿಹಿ ದ್ರವದ ಹನಿಗಳನ್ನು ಒಸರುತ್ತವೆ. ಪರಾಗವನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುವವು ಮುಖ್ಯವಾಗಿ ನೊಣಗಳು ಮತ್ತಿತರ ಕೀಟಗಳು. ಗಿಡದ ಮೇಲೆ ಗುಂಪಾಗಿ ಕಾಣಸಿಗುವ ಹಳದಿ-ಕೆಂಪು ತಿಗಣೆ ಜಾತಿಯ ಕೀಟವೇ ಪರಾಗಸ್ಪರ್ಶ ಮಾಡುತ್ತದೆಂದು ಹಿಂದೆ ಭಾವಿಸಲಾಗಿತ್ತು. ವಾಸ್ತವದಲ್ಲಿ ಅದು ಗಿಡದ ರಸ ಹೀರಲು ಬರುವ ಕೀಟ.

ಒಂದು ಹೆಣ್ಣು ಗಿಡದಲ್ಲಿ ಒಂದು ಋತುವಿಗೆ ಹತ್ತು ಸಾವಿರಕ್ಕೂ ಹೆಚ್ಚು ಬೀಜಗಳಾಗಬಹುದು. ಕಾಗದದಂತಹ ರೆಕ್ಕೆಯಿರುವ ಈ ಬೀಜಗಳನ್ನು ಗಾಳಿಯು ಚದುರಿಸುತ್ತದೆ. ಆದರೆ ಬಹುಪಾಲು ಬೀಜಗಳು ಜಳ್ಳು. ಉಳಿದವುಗಳಲ್ಲಿ ಹೆಚ್ಚಿನವು ಆಸ್ಪರ್ಜಿಲಸ್ ಎಂಬ ಕಪ್ಪು ಬೂಷ್ಟಿಗೆ ಬಲಿಯಾಗುತ್ತವೆ. ಇವೆಲ್ಲವನ್ನೂ ದಾಟಿದ ಬೀಜವು ಮೊಳೆಯಬೇಕಾದರೆ ಮಂಜಿನ ತೇವ ಸಾಲದು; ಕೆಲವೇ ದಿನಗಳೊಳಗೆ ಸುಮಾರು 25 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆ ಬೀಳಬೇಕು. ಬೀಜಕ್ಕೆ ಕೆಲವು ವರ್ಷಗಳ ಕಾಲ ಮಾತ್ರ ಜೀವ ಇರುತ್ತದೆ. ಅಷ್ಟರೊಳಗೆ ಅಂತಹ ಮಳೆ ಬಾರದಿದ್ದರೆ ಆ ಫಸಲು ವ್ಯರ್ಥ. ಮೊಳೆತ ಸಸಿಯ ಬೇರು, ಮೇಲ್ಮಣ್ಣು ಒಣಗುವಷ್ಟರಲ್ಲಿ ಕೆಳಗಿನ ತೇವವನ್ನು ಮುಟ್ಟದಿದ್ದರೆ ಅದೂ ಉಳಿಯದು. ಈ ಕಾರಣದಿಂದ ಒಂದು ಬಯಲಿನ ಗಿಡಗಳೆಲ್ಲ ಸರಿಸುಮಾರು ಒಂದೇ ಗಾತ್ರದವಾಗಿದ್ದು ಎಳೆಯ ಸಸಿ ಒಂದೂ ಕಾಣದಿರುವ ಸನ್ನಿವೇಶ ಅಲ್ಲಿ ಸಾಮಾನ್ಯ. ಅವು ಎಂದೋ ಒಂದು ಒಳ್ಳೆಯ ಮಳೆಯ ವರ್ಷದಲ್ಲಿ ಒಟ್ಟಿಗೆ ಹುಟ್ಟಿದ ಒಂದೇ ತಲೆಮಾರು.

ಗಿಡದ ವಯಸ್ಸನ್ನು ಮರದಂತೆ ಉಂಗುರ ಎಣಿಸಿ ಹೇಳಲಾಗುವುದಿಲ್ಲ. ಇಂಗಾಲದ ಕಾಲನಿರ್ಣಯ ಹಾಗೂ ಬೆಳವಣಿಗೆಯ ಲೆಕ್ಕಾಚಾರದಿಂದ ಮಧ್ಯಮ ಗಾತ್ರದ ಗಿಡಗಳಿಗೆ ಐದಾರು ನೂರು ವರ್ಷ, ಅತಿ ದೊಡ್ಡವುಗಳಿಗೆ ಒಂದೂವರೆ ಸಾವಿರ ವರ್ಷ ಅಥವಾ ಅದಕ್ಕೂ ಹೆಚ್ಚು ಎಂದು ಅಂದಾಜಿಸಲಾಗಿದೆ. ವಿಜಯನಗರದ ಕಾಲದಲ್ಲಿ ಮೊಳೆತ ಗಿಡವನ್ನು ಅಲ್ಲಿ ನಡುವಯಸ್ಸಿನದೆಂದೇ ಹೇಳಬೇಕಾಗುತ್ತದೆ.

ಈ ನೆಲೆಯನ್ನು ಆಶ್ರಯಿಸಿರುವ ಜೀವಿಗಳು ಮತ್ತು ಜನರು

ನೆರಳೇ ಇಲ್ಲದ ಬಯಲಿನಲ್ಲಿ ವೆಲ್ವಿಚಿಯಾದ ಎಲೆಗಳ ಅಡಿ ತಂಪಾದ ತಾಣ. ಜೀರುಂಡೆಗಳು, ಹಲ್ಲಿಗಳು, ಹಾವುಗಳು ಅಲ್ಲಿ ಆಶ್ರಯ ಪಡೆಯುತ್ತವೆ. ತೀವ್ರ ಬರದಲ್ಲಿ ಓರಿಕ್ಸ್ ಮತ್ತು ಸ್ಪ್ರಿಂಗ್‌ಬಾಕ್ ಎಂಬ ಹುಲ್ಲೆಗಳು ಹಾಗೂ ಕಪ್ಪು ಘೇಂಡಾಮೃಗಗಳು ಎಲೆಗಳನ್ನು ಜಗಿದು ರಸವನ್ನು ನುಂಗಿ ನಾರನ್ನು ಉಗುಳುತ್ತವೆ. ಬುಡದ ಬೆಳೆಯುವ ಭಾಗಕ್ಕೆ ಪೆಟ್ಟಾಗದಿದ್ದರೆ ಎಲೆ ಮತ್ತೆ ಬೆಳೆಯುತ್ತದೆ.

ಹೆರೆರೊ ಜನರು ಈ ಸಸ್ಯವನ್ನು "ಒನ್ಯಾಂಗಾ" ಎನ್ನುತ್ತಾರೆ. ಮರುಭೂಮಿಯ ಈರುಳ್ಳಿ ಎಂಬುದು ಇದರ ಭಾವ. ಹಿಂದೆ ಇದರ ತಿರುಳನ್ನು ಹಸಿಯಾಗಿ ಅಥವಾ ಬಿಸಿ ಬೂದಿಯಲ್ಲಿ ಸುಟ್ಟು ತಿನ್ನುತ್ತಿದ್ದ ರೂಢಿಯಿತ್ತು. ಆಫ್ರಿಕಾನ್ಸ್ ಭಾಷೆಯ ಹೆಸರಿನ ಅರ್ಥ "ಸಾಯಲಾರದ ಎರಡೆಲೆ". 1990ರಲ್ಲಿ ಸ್ವತಂತ್ರವಾದ ನಮೀಬಿಯಾ ತನ್ನ ರಾಷ್ಟ್ರಲಾಂಛನದ ಕೆಳಭಾಗದಲ್ಲಿ ಈ ಸಸ್ಯವನ್ನು ಇರಿಸಿಕೊಂಡಿದೆ. ಆ ದೇಶದ ರಗ್ಬಿ ತಂಡವನ್ನೂ ಇದೇ ಹೆಸರಿನಿಂದ ಕರೆಯಲಾಗುತ್ತದೆ.

ಪತ್ತೆಯಾದ ಬಗೆ

ಆಸ್ಟ್ರಿಯಾ ಮೂಲದ ವೈದ್ಯ ಹಾಗೂ ಸಸ್ಯಶಾಸ್ತ್ರಜ್ಞ ಫ್ರೀಡ್ರಿಷ್ ವೆಲ್‌ವಿಟ್ಷ್ ಅವರು ಪೋರ್ಚುಗಲ್ ಸರ್ಕಾರದ ಪರವಾಗಿ ಅಂಗೋಲಾದಲ್ಲಿ ಸಸ್ಯಸಂಗ್ರಹ ಮಾಡುತ್ತಿದ್ದಾಗ, 1859ರ ಸೆಪ್ಟೆಂಬರ್ 3ರಂದು ಕಾಬೊ ನೆಗ್ರೊ ಭೂಶಿರದ ಬಳಿ ಈ ಸಸ್ಯವನ್ನು ಕಂಡರು. ಸುಡುವ ನೆಲದ ಮೇಲೆ ಮಂಡಿಯೂರಿ, ಮುಟ್ಟಿದರೆ ಎಲ್ಲಿ ಕನಸಿನಂತೆ ಮಾಯವಾಗುವುದೋ ಎಂಬ ಅಳುಕಿನಿಂದ ಅದನ್ನೇ ನೋಡುತ್ತ ಕುಳಿತರೆಂದು ಹೇಳಲಾಗಿದೆ. 1861ರಲ್ಲಿ ಚಿತ್ರಕಾರ ಥಾಮಸ್ ಬೇನ್ಸ್ ಇಂದಿನ ನಮೀಬಿಯಾ ಭಾಗದಿಂದ ಇದರ ಚಿತ್ರ ಮತ್ತು ಮಾದರಿಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಕಳುಹಿಸಿದರು. ಅಲ್ಲಿ ಜೋಸೆಫ್ ಡಾಲ್ಟನ್ ಹೂಕರ್ ಇದನ್ನು ಕೂಲಂಕಷವಾಗಿ ಪರಿಶೀಲಿಸಿ 1862ರಲ್ಲಿ ವೆಲ್‌ವಿಟ್ಷ್ ಅವರ ಹೆಸರನ್ನಿಟ್ಟು, 1863ರಲ್ಲಿ ವಿಸ್ತಾರವಾದ ವಿವರಣೆಯನ್ನು ಪ್ರಕಟಿಸಿದರು. ವೆಲ್‌ವಿಟ್ಷ್ ಸ್ವತಃ ಸ್ಥಳೀಯರ ಮಾತಿನಿಂದ ತೆಗೆದುಕೊಂಡ "ಟುಂಬೋವಾ" ಎಂಬ ಹೆಸರನ್ನು ಸೂಚಿಸಿದ್ದರು. ಆ ನೆಲದ ಹೆಸರೇ ಉಳಿದಿದ್ದರೆ ಚೆನ್ನಿತ್ತು ಎನ್ನಿಸದಿರದು. "ಮಿರಾಬಿಲಿಸ್" ಎಂದರೆ ಅದ್ಭುತವಾದದ್ದು ಎಂದರ್ಥ. ಆದರೂ ಇದು ತಾವು ಕಂಡ ಅತ್ಯಂತ ಕುರೂಪದ ಸಸ್ಯವೂ ಹೌದೆಂಬುದು ಹೂಕರ್ ಅವರ ಅಭಿಪ್ರಾಯವಾಗಿತ್ತು. ನಮ್ಮ ರಾಜ್ಯದ ಗಿಡಮರಗಳನ್ನೂ ಒಳಗೊಂಡ ಬ್ರಿಟಿಷ್ ಇಂಡಿಯಾದ ಸಸ್ಯಸಂಪತ್ತಿನ ಏಳು ಸಂಪುಟಗಳನ್ನು ಹೊರತಂದವರು ಇದೇ ಹೂಕರ್.

ಬಂಧು ಸಸ್ಯಗಳು

ವೆಲ್ವಿಚಿಯಾ ತನ್ನ ಕುಟುಂಬದಲ್ಲಿ ಉಳಿದಿರುವ ಏಕೈಕ ಜಾತಿ. ಅನಾವೃತಬೀಜ ಸಸ್ಯಗಳ ಗುಂಪಿನಲ್ಲಿ ಇದಕ್ಕೆ ಹತ್ತಿರದ ಬಂಧುಗಳು ನೀಟಮ್ ಮತ್ತು ಎಫೆಡ್ರಾ ಎಂಬ ಎರಡು ಕುಲಗಳು ಮಾತ್ರ. ಎಫೆಡ್ರಾ ನಮ್ಮ ದೇಶದಲ್ಲಿ ಹಿಮಾಲಯದ ಒಣ ಭಾಗಗಳಲ್ಲಿದೆ. ನೀಟಮ್ ಉಲಾ ಎಂಬ ದೊಡ್ಡ ಬಳ್ಳಿ ಪಶ್ಚಿಮ ಘಟ್ಟಗಳ ದಟ್ಟ ಕಾಡುಗಳಲ್ಲಿ ಮರಗಳನ್ನು ಸುತ್ತಿ ಮೇಲೇರುತ್ತದೆ. ಮಳೆ ಬಿಡದೆ ಸುರಿಯುವ ಕಾಡಿನ ಬಳ್ಳಿಯೂ ಮಳೆಯೇ ಕಾಣದ ಬಯಲಿನ ಗಿಡವೂ ಒಂದೇ ಮೂಲದವು. ಬ್ರೆಜಿಲ್ ದೇಶದ ಕ್ರಾಟೊ ಶಿಲಾಸ್ತರಗಳಲ್ಲಿ ಹನ್ನೊಂದು ಕೋಟಿ ವರ್ಷಗಳಿಗೂ ಹಿಂದಿನ, ವೆಲ್ವಿಚಿಯಾದ ವಂಶಕ್ಕೆ ಸೇರಿದ ಎಳೆಸಸಿಯ ಪಳೆಯುಳಿಕೆ ದೊರೆತಿದೆ. ಅಂದರೆ ಈ ವಂಶವು ಒಂದು ಕಾಲದಲ್ಲಿ ಅಟ್ಲಾಂಟಿಕ್ ಸಾಗರದ ಆಚೆಗೂ ಇತ್ತು. 2021ರಲ್ಲಿ ಪ್ರಕಟವಾದ ಇದರ ವಂಶವಾಹಿಗಳ ಅಧ್ಯಯನದ ಪ್ರಕಾರ, ಸುಮಾರು 8.6 ಕೋಟಿ ವರ್ಷಗಳ ಹಿಂದೆ ಈ ಸಸ್ಯದ ಇಡೀ ವಂಶವಾಹಿ ಸಮೂಹವು ಇಮ್ಮಡಿಯಾಯಿತು. ಆ ಕಾಲದಲ್ಲಿ ಈ ಭಾಗದ ಹವಾಗುಣ ಒಣಗುತ್ತ ಬಂದಿತ್ತೆಂದು ತಿಳಿಯಲಾಗಿದೆ.

ನೆಲೆಗೆ ಒದಗಿರುವ ಅಪಾಯ

ಸಂಖ್ಯೆಯ ದೃಷ್ಟಿಯಿಂದ ಹೇಳುವುದಾದರೆ ವೆಲ್ವಿಚಿಯಾ ಇಂದೋ ನಾಳೆಯೋ ಅಳಿದುಹೋಗುವ ಸಸ್ಯವಲ್ಲ. ನಮೀಬಿಯಾದಲ್ಲಿ 1975ರ ಪ್ರಕೃತಿ ಸಂರಕ್ಷಣಾ ಸುಗ್ರೀವಾಜ್ಞೆಯ ಅಡಿಯಲ್ಲಿ ಇದು ಸಂರಕ್ಷಿತ ಸಸ್ಯ. ಇದರ ನೆಲೆಯ ಗಣನೀಯ ಭಾಗ ರಾಷ್ಟ್ರೀಯ ಉದ್ಯಾನಗಳೊಳಗಿದೆ. ಚಿಂತೆಗೆ ಕಾರಣ ಬೇರೆ. ಸತ್ತ ಒಂದು ಗಿಡದ ಜಾಗವನ್ನು ಇನ್ನೊಂದು ತುಂಬಲು ಎಷ್ಟು ದಶಕಗಳು ಬೇಕೆಂಬುದನ್ನು ಮೇಲೆ ವಿವರಿಸಲಾಗಿದೆ. ಇಂದು ಒಂದು ಜೀಪಿನ ಚಕ್ರದಡಿ ಸಿಕ್ಕ ಸಸಿಗೆ ಬದಲಾಗಿ ಮುಂದಿನ ಸಸಿ ಯಾವಾಗ ಹುಟ್ಟುವುದೆಂದು ಯಾರೂ ಹೇಳಲಾರರು. ಗರಸಿನ ಬಯಲಿನ ಮೇಲೆ ಮೂಡಿದ ವಾಹನದ ಗುರುತು ಹತ್ತಾರು ವರ್ಷ ಅಳಿಸದೆ ಉಳಿಯುತ್ತದೆ. ಮಂಜಿನ ತೇವದಿಂದಲೇ ಬದುಕುವ ಅಲ್ಲಿನ ಕಲ್ಲುಹೂವುಗಳೂ ಚಕ್ರಕ್ಕೆ ಪುಡಿಯಾಗುತ್ತವೆ.

ಈ ಪ್ರದೇಶದ ನೆಲದಡಿಯಲ್ಲಿ ಯುರೇನಿಯಂ ಅದಿರಿದೆ. ರೋಸಿಂಗ್ ಗಣಿಯು 1976ರಲ್ಲಿ ಆರಂಭವಾಯಿತು. ವೆಲ್ವಿಚಿಯಾ ಬಯಲಿನ ಸಮೀಪದ ಹುಸಾಬ್ ಗಣಿಯಲ್ಲಿ 2016ರ ಕೊನೆಗೆ ಉತ್ಪಾದನೆ ಆರಂಭವಾಯಿತು. ಗಣಿ, ರಸ್ತೆ ಮತ್ತು ಕೊಳವೆ ಮಾರ್ಗಗಳಿಂದ ಮಳೆನೀರಿನ ಸಹಜ ಹರಿವು ಬದಲಾಗುವುದು ಹಾಗೂ ಎಲೆಗಳ ಮೇಲೆ ಧೂಳು ಕೂರುವುದು ಸಸ್ಯಶಾಸ್ತ್ರಜ್ಞರ ಆತಂಕದ ವಿಷಯಗಳು. ಅಂಗೋಲಾದಲ್ಲಿ 1975ರಿಂದ 2002ರವರೆಗೆ ನಡೆದ ಅಂತರ್ಯುದ್ಧದ ಕಾಲದ ನೆಲಬಾಂಬುಗಳ ಭಯದಿಂದ ಜನ ದೂರ ಉಳಿದ ಕಾರಣ ಅಲ್ಲಿನ ಗಿಡಗಳು ಸುರಕ್ಷಿತವಾಗಿ ಉಳಿದವೆಂಬ ಮಾತೂ ಇದೆ. ಇವೆಲ್ಲಕ್ಕಿಂತ ದೊಡ್ಡದು ಹವಾಮಾನ ಬದಲಾವಣೆ. ಮಂಜು ಮತ್ತು ಮಳೆಯ ಗೆರೆಗಳು ಸರಿದರೆ ಪ್ರಾಣಿಗಳು ಹಿಂದೆಯೇ ಸಾಗಬಹುದು. ಸಾವಿರ ವರ್ಷದ ಗಿಡಕ್ಕೆ ಆ ದಾರಿಯಿಲ್ಲ.

ಬೀಜ ಅಥವಾ ಸಸಿ ತರಿಸಲು ಇಚ್ಛಿಸುವವರ ಗಮನಕ್ಕೆ

ವೆಲ್ವಿಚಿಯಾವು ಅಳಿವಿನಂಚಿನ ವನ್ಯಜೀವಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಭಾರತವು 1976ರಿಂದ ಈ ಒಪ್ಪಂದದ ಸದಸ್ಯ ರಾಷ್ಟ್ರ. ಸಸಿ ಅಥವಾ ಗಿಡವನ್ನು ತರಿಸಬೇಕಾದರೆ ರಫ್ತು ಮಾಡುವ ದೇಶದ ಸೈಟಿಸ್ ಅನುಮತಿಪತ್ರ ಕಡ್ಡಾಯ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಈ ಒಪ್ಪಂದಕ್ಕಾಗಿಯೇ ಪ್ರತ್ಯೇಕ ಅಧ್ಯಾಯವಿದ್ದು, ಅದರಂತೆ ಕೇಂದ್ರ ಸರ್ಕಾರವು ನಿಯೋಜಿಸುವ ವ್ಯವಸ್ಥಾಪನಾ ಪ್ರಾಧಿಕಾರದ ನಿಯಮಗಳು ಅರ್ಜಿದಾರರಿಗೆ ಅನ್ವಯಿಸುತ್ತವೆ.

ಬೀಜಗಳಿಗೆ ಸೈಟಿಸ್ ಒಪ್ಪಂದದಡಿ ವಿನಾಯಿತಿ ಇದೆ. ಇದನ್ನು ಓದಿದ ಕೆಲವರು ಬೀಜಕ್ಕೆ ಯಾವ ಅನುಮತಿಯೂ ಬೇಡವೆಂದು ತಿಳಿಯುವ ಸಂಭವವಿದೆ, ಹಾಗಲ್ಲ. ಬಿತ್ತನೆಗಾಗಿ ಹೊರದೇಶದಿಂದ ತರುವ ಯಾವುದೇ ಬೀಜಕ್ಕೆ 2003ರ ಸಸ್ಯ ಸಂಪರ್ಕತಡೆ (ಭಾರತಕ್ಕೆ ಆಮದು ನಿಯಂತ್ರಣ) ಆದೇಶವು ಅನ್ವಯಿಸುತ್ತದೆ. ಮುಂಚಿತವಾಗಿ ಪಡೆದ ಆಮದು ಪರವಾನಗಿ ಮತ್ತು ಕಳುಹಿಸುವ ದೇಶದ ಅಧಿಕೃತ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಇರಬೇಕು. ಸದರಿ ಆದೇಶದ ಅನುಸೂಚಿಗಳಲ್ಲಿ ನಮೂದಾಗದ ಸಸ್ಯವಾದಲ್ಲಿ ಮೊದಲು ಕೀಟ-ರೋಗ ಅಪಾಯದ ವಿಶ್ಲೇಷಣೆ ನಡೆಯಬೇಕು, ಇದಕ್ಕೆ ಸಮಯ ಹಿಡಿಯುತ್ತದೆ. ಈ ವಿಷಯವು ಫರಿದಾಬಾದಿನಲ್ಲಿರುವ ಕೇಂದ್ರದ ಸಸ್ಯ ಸಂರಕ್ಷಣೆ, ಸಂಪರ್ಕತಡೆ ಮತ್ತು ದಾಸ್ತಾನು ನಿರ್ದೇಶನಾಲಯದ ವ್ಯಾಪ್ತಿಗೆ ಬರುತ್ತದೆ. ಪ್ರಯಾಣದ ಚೀಲದಲ್ಲಿ ನಾಲ್ಕು ಬೀಜ ತಂದರೂ, ಅಂಚೆಯ ಮೂಲಕ ತರಿಸಿದರೂ ನಿಯಮ ಒಂದೇ. ಗಿಡದ ಬುಡದ ಮಣ್ಣನ್ನು ಜೊತೆಗೆ ತರುವಂತಿಲ್ಲ.

ಅನುಮತಿ ಪಡೆದು ಬೆಳೆಸುವವರು ಕಾಡಿನ ಬೀಜಕ್ಕೆ ಬದಲು ಸಸ್ಯೋದ್ಯಾನ ಅಥವಾ ನರ್ಸರಿಯಲ್ಲಿ ಬೆಳೆಸಿದ ಗಿಡದ ಬೀಜವನ್ನೇ ಆರಿಸಿಕೊಳ್ಳುವುದು ಸೂಕ್ತ. ನೀರು ಬಸಿದುಹೋಗುವ ಒರಟು ಮಿಶ್ರಣ ತುಂಬಿದ ಆಳವಾದ ಕುಂಡದಲ್ಲಿ ಬಿತ್ತಿ, ತಾಯಿಬೇರಿಗೆ ಘಾಸಿಯಾಗುವ ಕಾರಣ ಸಸಿಯನ್ನು ಪದೇ ಪದೇ ಕುಂಡ ಬದಲಿಸಬಾರದು. ಬೂಷ್ಟು ಹಿಡಿಯುವುದೇ ದೊಡ್ಡ ತೊಂದರೆ. ನಮ್ಮ ಮುಂಗಾರಿನ ತೇವದಲ್ಲಿ ಇದು ಇನ್ನೂ ಹೆಚ್ಚು. ಗಿಡ ಶಂಕು ಬಿಡಲು ಹಲವು ವರ್ಷಗಳು ಬೇಕಾಗುತ್ತವೆ, ಅಲ್ಲಿಯವರೆಗೆ ಅದು ಗಂಡೋ ಹೆಣ್ಣೋ ತಿಳಿಯುವುದಿಲ್ಲ.

ನೆಲೆಯನ್ನು ನೋಡಲು ಹೋಗುವವರಿಗೆ

ವೆಲ್ವಿಚಿಯಾ ಬಯಲನ್ನು ಪ್ರವೇಶಿಸಲು ನಮೀಬಿಯಾದ ಪರಿಸರ ಮಂತ್ರಾಲಯದ ಪರವಾನಗಿ ಅಗತ್ಯ. ಇದನ್ನು ಸ್ವಾಕೋಪ್‌ಮುಂಡ್ ಪಟ್ಟಣದಲ್ಲಿ ಪಡೆಯಬಹುದು. ಬಯಲಿನ ದಾರಿಯುದ್ದಕ್ಕೂ ಸಂಖ್ಯೆ ಬರೆದ ಹದಿಮೂರು ಕಲ್ಲಿನ ಗುರುತುಗಳಿದ್ದು, ಕಲ್ಲುಹೂವಿನ ಬಯಲು, ಒಣ ನದಿಪಾತ್ರ ಮತ್ತು ವೆಲ್ವಿಚಿಯಾಗಳು ಒಂದಾದ ಮೇಲೊಂದು ಕಾಣಸಿಗುತ್ತವೆ. ದಾರಿಯಲ್ಲಿ ನೀರು, ಇಂಧನ ದೊರೆಯುವುದಿಲ್ಲ. ಗುರುತು ಮಾಡಿದ ದಾರಿಯನ್ನು ಬಿಟ್ಟು ವಾಹನ ಚಲಾಯಿಸುವುದನ್ನು ನಿಷೇಧಿಸಲಾಗಿದೆ. ಸುತ್ತ ಬೇಲಿ ಹಾಕಿದ ಹಳೆಯ ಗಿಡಗಳ ಬಳಿ ಬೇಲಿಯ ಹೊರಗೇ ನಿಲ್ಲಬೇಕು, ಬೇಲಿಯಿಲ್ಲದ ಕಡೆಯೂ ಬುಡದ ಹತ್ತಿರದ ಮಣ್ಣನ್ನು ತುಳಿಯಬಾರದು. ಮೇಲ್ಮಣ್ಣಿನ ಅಡಿಯಲ್ಲಿ ಗಿಡದ ಸಣ್ಣ ಬೇರುಗಳು ಹರಡಿರುತ್ತವೆ. ಮಂಜನ್ನು ನೋಡಬೇಕೆನ್ನುವವರು ಸೂರ್ಯೋದಯಕ್ಕೆ ಮುಂಚೆಯೇ ಬಯಲನ್ನು ತಲುಪುವುದು ಅನುಕೂಲ.